ಕೋಡಿಯಿಲ್ಲದ ಕೆರೆ

ತೋಟದವರು: ಮೇಷ್ಟರೇ, ಬರುವ ಬೇಸಗೆಯಲ್ಲಿ ನಮ್ಮೂರ ಕೆರೆಯ ಹೂಳೆತ್ತಬೇಕೆಂದು ಊರವರೆಲ್ಲ ಕೂಡಿ ನಿಶ್ಚಯಿಸಿರುವ ಸಂಗತಿ ತಮಗೂ ತಿಳಿದಿರಬೇಕು. ಏರಿಯ ಮಗ್ಗುಲಿನ ಹೂಳನ್ನು ತೆಗೆಯುವ ವಿಷಯದಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಆದರೆ ಹಳ್ಳದ ನೀರು ಬಂದು ಸೇರುವ ಪಡುವಣ ಕಡೆಯಲ್ಲಿ ಮೊಣಕಾಲುದ್ದ ನೀರಿನ ವಿಸ್ತಾರವಾದ ಕೆಸರುಬಯಲೊಂದು ಇದೆಯಲ್ಲ, ಅದನ್ನೂ ಏಕಪ್ರಕಾರವಾಗಿ ಅಗೆದು ಆಳ ಮಾಡಿದರೆ ಇನ್ನಷ್ಟು ನೀರು ನಿಲ್ಲುವುದೆಂದು ಹಲವರ ವಾದ. ಚಳಿಗಾಲದಲ್ಲಿ ಅಲ್ಲಿ ಬಂದಿಳಿಯುವ, ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳುಳ್ಳ ಹೆಬ್ಬಾತುಗಳ ಗತಿಯೇನಾದೀತೆಂದು ತಾವು ಮೊನ್ನೆ ದೇವಸ್ಥಾನದ ಜಗುಲಿಯಲ್ಲಿ ಕೇಳಿದಿರಂತೆ. ಆ ಹಕ್ಕಿಗಳ ಪರವಾಗಿ ಸಭೆಯಲ್ಲಿ ನಾಲ್ಕು ಮಾತನಾಡಲು ನನಗೂ ಮನಸ್ಸಿದೆ. ಆದರೆ ಅವು ಎಲ್ಲಿಯವು, ಏತಕ್ಕಾಗಿ ಬರುತ್ತವೆ ಎಂಬುದನ್ನರಿಯದೆ ಆಡಿದ ಮಾತಿಗೆ ತೂಕವಿರುವುದಿಲ್ಲ.

ಮೇಷ್ಟರು: ಅವುಗಳ ತವರು ಉಪ್ಪುನೀರಿನ ಸರೋವರಗಳ ಸೀಮೆ, ಅಪ್ಪಾ. ಹಿಮಾಲಯವನ್ನೂ ಟಿಬೆಟ್ಟಿನ ಉನ್ನತ ಪ್ರಸ್ಥಭೂಮಿಯನ್ನೂ ದಾಟಿ ಬಡಗಲಾಗಿ ನಡೆದರೆ, ಮರಗಳು ವಿರಳವಾಗುತ್ತ ಬಂದು ಕಡೆಗೆ ಇಲ್ಲವೇ ಆಗಿ, ದೃಷ್ಟಿ ಹರಿದಷ್ಟು ದೂರವೂ ಹುಲ್ಲೊಂದೇ ಹಬ್ಬಿರುವ ಬಯಲು ಎದುರಾಗುತ್ತದೆ. ನೀನು ನನ್ನ ತರಗತಿಯಲ್ಲಿ ಕುಳಿತಿದ್ದಾಗ ಭೂಪಟದ ಮೇಲೆ ಸ್ಟೆಪ್ಪಿ ಎಂದು ಗುರುತು ಹಾಕಿದ ಪ್ರದೇಶವೇ ಅದು. ಕಪ್ಪು ಸಮುದ್ರದ ಬಡಗಣ ದಡದಿಂದ ಮೊದಲಾಗಿ ಕಜಾಕಸ್ತಾನವನ್ನು ಹಾಯ್ದು ಮಂಗೋಲಿಯಾದ ಆಚೆಯವರೆಗೆ, ಸಾವಿರಾರು ಕಿಲೋಮೀಟರುಗಳ ಉದ್ದಕ್ಕೆ ಅದು ಚಾಚಿಕೊಂಡಿದೆ. ಸಮುದ್ರದ ತೇವವನ್ನು ಹೊತ್ತ ಗಾಳಿ ಅಷ್ಟು ದೂರ ಬರುವಷ್ಟರಲ್ಲಿ ಬರಿದಾಗಿರುವುದರಿಂದ ಮಳೆ ಅತ್ಯಲ್ಪ. ಮಾಘದಲ್ಲಿ ನೆಲವೆಲ್ಲ ಹೆಪ್ಪುಗಟ್ಟುವ ಶೈತ್ಯ, ಜ್ಯೇಷ್ಠದಲ್ಲಿ ಹುಲ್ಲು ಒಣಗಿ ಹೋಗುವ ತಾಪ. ಇಂಥ ಬಯಲಿನ ತಗ್ಗುಗಳಲ್ಲಿ ಅಲ್ಲಲ್ಲಿ ನೀರು ಕೂಡಿಕೊಂಡು ಸರೋವರಗಳಾಗಿವೆ, ಅವುಗಳಲ್ಲಿ ಬಹುಭಾಗ ಉಪ್ಪು.

ತೋಟದವರು: ಸಮುದ್ರ ದೂರವೆಂದು ತಾವೇ ಹೇಳಿದಿರಿ. ಅಂದ ಮೇಲೆ ಆ ನೀರಿಗೆ ಉಪ್ಪು ಎಲ್ಲಿಂದ ಬಂತು?

ಮೇಷ್ಟರು: ನಮ್ಮ ಹಳ್ಳದ ನೀರಿಗೆ ಎಲ್ಲಿಂದ ಬರುತ್ತದೆಯೋ ಅಲ್ಲಿಂದಲೇ. ಲೋಕದಲ್ಲಿ ಉಪ್ಪಿನಂಶವಿಲ್ಲದ ಹೊಳೆಯೆಂಬುದಿಲ್ಲ; ಮಳೆಯ ನೀರು ಬಂಡೆಯ ಮೇಲೆ ಹರಿದು, ಮಣ್ಣಿನೊಳಗೆ ಇಳಿದು, ಅಲ್ಲಿನ ಲವಣಗಳನ್ನು ನಾಲಗೆಗೆ ತಿಳಿಯದಷ್ಟು ಸೂಕ್ಷ್ಮ ಪ್ರಮಾಣದಲ್ಲಿ ಕರಗಿಸಿಕೊಂಡು ಬರುತ್ತದೆ. ನಮ್ಮ ಕೆರೆಗೆ ಏರಿಯಿದೆ, ತೂಬಿದೆ, ಕೋಡಿಯಿದೆ. ಕೆರೆ ತುಂಬಿ ಕೋಡಿ ಬಿದ್ದಾಗ ನೀರಿನ ಸಂಗಡ ಲವಣವೂ ಹೊರಟುಹೋಗುತ್ತದೆ. ತುರುವೇಕೆರೆಯ ಕಡೆಯ ನೀರಾದರೆ ಶಿಂಷಾ ನದಿಯನ್ನು ಕೂಡಿ ಕಾವೇರಿಯನ್ನು ಸೇರುತ್ತದೆ. ಚಿಕ್ಕನಾಯಕನಹಳ್ಳಿಯ ಬಡಗಣ ಭಾಗದ ನೀರಾದರೆ ಬೋರನಕಣಿವೆಯ ಸುವರ್ಣಮುಖಿಯಿಂದ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ, ಕಡೆಗೆ ಕೃಷ್ಣೆಗೆ. ನಾವಿರುವ ಈ ದಿಣ್ಣೆಯ ಎರಡು ಮಗ್ಗುಲಿಗೂ ನೀರು ಇಳಿದುಹೋಗಲು ದಾರಿಯುಂಟು; ಎರಡು ದಾರಿಯೂ ಬಂಗಾಳಕೊಲ್ಲಿಯಲ್ಲಿ ಮುಗಿಯುತ್ತವೆ. ಈಗ ಕೋಡಿಯೂ ಇಲ್ಲದ, ತೂಬೂ ಇಲ್ಲದ, ಸುತ್ತಲೂ ಏರಿಯೇ ಇರುವ ಕೆರೆಯೊಂದನ್ನು ಮನಸ್ಸಿಗೆ ತಂದುಕೋ. ಹೊಳೆಗಳು ಒಳಕ್ಕೆ ಹರಿದು ಬರುತ್ತವೆ. ಹೊರಕ್ಕೆ ಹೋಗಲು ಆಕಾಶವೊಂದೇ ದಾರಿ. ಬಿಸಿಲು ನೀರನ್ನು ಮಾತ್ರ ಒಯ್ಯಬಲ್ಲುದು, ಉಪ್ಪನ್ನು ಒಯ್ಯಲಾರದು. ಸಹಸ್ರಾರು ವರ್ಷಗಳ ಕಾಲ ಹೀಗೆ ಒಂದು ಉಳಿದು ಇನ್ನೊಂದು ಹೋಗುತ್ತ ಬಂದರೆ ಸಿಹಿನೀರಿನ ಹೊಳೆಗಳೇ ಉಪ್ಪಿನ ಸರೋವರವನ್ನು ನಿರ್ಮಿಸುತ್ತವೆ.

ತೋಟದವರು: ನನ್ನ ತೋಟದ ಹನಿನೀರಾವರಿಯ ಕೊಳವೆಗಳಲ್ಲಿ ಅದನ್ನು ಕಣ್ಣಾರೆ ಕಂಡಿದ್ದೇನೆ. ಕೊಳವೆಬಾವಿಯ ನೀರು ನೋಡಲು ಸ್ಫಟಿಕದಂತೆ ಸ್ವಚ್ಛವಾಗಿರುತ್ತದೆ. ಎರಡು ಬೇಸಗೆ ಕಳೆಯುವಷ್ಟರಲ್ಲಿ ನೀರು ಹನಿಯುವ ರಂಧ್ರಗಳಲ್ಲಿ ಬಿಳಿಯ ಗಸಿ ಕಟ್ಟಿ, ಆಮ್ಲ ಹಾಯಿಸಿ ತೊಳೆಯದಿದ್ದರೆ ಮರಕ್ಕೆ ನೀರೇ ಇಲ್ಲವಾಗುತ್ತದೆ.

ಮೇಷ್ಟರು: ಅದು ಬಹುಮಟ್ಟಿಗೆ ಸುಣ್ಣ. ನೀರು ಇಂಗುತ್ತ ಹೋದಂತೆ ಮೊದಲು ಹೊರಬೀಳುವುದು ಸುಣ್ಣದ ಅಂಶ, ಅದರ ತರುವಾಯ ಜಿಪ್ಸಮ್, ನೀರು ಇನ್ನೇನು ತೀರಿಯೇಹೋಯಿತು ಎನ್ನುವಾಗ ನಾವು ಉಣ್ಣುವ ಉಪ್ಪು. ಸರೋವರದ ತಳದಲ್ಲಿಯೂ ಇದೇ ಕ್ರಮ. ಕೋಡಿಯ ಮಹತ್ವವನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವ ನಿದರ್ಶನ ಕೈಲಾಸದ ಪಾದದಲ್ಲಿಯೇ ಇದೆ. ಮಾನಸಸರೋವರವೂ ರಾಕ್ಷಸತಾಲವೂ ಒಂದರ ಪಕ್ಕದಲ್ಲೊಂದು, ನಡುವೆ ಕಿರಿದಾದ ನೆಲದ ಪಟ್ಟಿಯಷ್ಟೇ ಅಡ್ಡ. ಮಾನಸ ತುಂಬಿದಾಗ ಹೆಚ್ಚಿನ ನೀರು ಗಂಗಾ ಛೂ ಎಂಬ ಕಾಲುವೆಯಂಥ ಹೊಳೆಯಿಂದ ರಾಕ್ಷಸತಾಲಕ್ಕೆ ಇಳಿಯುತ್ತದೆ. ಆದಕಾರಣ ಮಾನಸದ ನೀರು ಸಿಹಿ. ರಾಕ್ಷಸತಾಲದಿಂದ ಹೊರಹೋಗುವ ದಾರಿ ಇಲ್ಲ. ಅದರ ನೀರು ಉಪ್ಪು. ಯಾತ್ರಿಕರು ಒಂದನ್ನು ದೇವತೆಗಳದೆಂದೂ ಇನ್ನೊಂದನ್ನು ರಾವಣನದೆಂದೂ ಭಾವಿಸಿ ಒಂದರಲ್ಲಿ ಮಿಂದು ಇನ್ನೊಂದನ್ನು ದೂರದಿಂದಲೇ ನೋಡಿ ಬರುತ್ತಾರೆ. ನನ್ನ ಮಟ್ಟಿಗೆ ಹೇಳುವುದಾದರೆ ಆ ಎರಡನೆಯದಕ್ಕೆ ಅನ್ಯಾಯವಾಗಿದೆ ಎಂದೇ ತೋರುತ್ತದೆ. ಮಾನಸದ ಸಿಹಿಯನ್ನು ಕಾಪಾಡಿರುವುದು, ಅದರ ಉಪ್ಪನ್ನೆಲ್ಲ ತನ್ನೊಡಲಿಗೆ ಇಳಿಸಿಕೊಂಡ ಆ ನೆರೆಯ ಸರೋವರವೇ ಅಲ್ಲವೆ?

ತೋಟದವರು: ಉಪ್ಪನ್ನು ನಾವು ಅಷ್ಟಾಗಿ ದೂರಮಾಡುವವರಲ್ಲ. ತೆಂಗಿನ ಸಸಿ ನೆಡುವಾಗ ಗುಣಿಗೆ ಉಪ್ಪು ಹಾಕುವುದು ನಮ್ಮ ತಾತನ ಕಾಲದಿಂದ ನಡೆದುಬಂದ ಪದ್ಧತಿ.

ಮೇಷ್ಟರು: ಅದು ಯುಕ್ತವಾದ ಪದ್ಧತಿ. ಸಮುದ್ರತೀರದ ಮರಕ್ಕೆ ಗಾಳಿಯಲ್ಲಿಯೇ ದೊರಕುವ ಕ್ಲೋರಿನ್ ಒಳನಾಡಿನ ಮರಕ್ಕೆ ದೊರೆಯದು. ಹಿರಿಯರು ಅನುಭವದಿಂದ ಕಂಡುಕೊಂಡದ್ದನ್ನು ಶಾಸ್ತ್ರಜ್ಞರು ತರುವಾಯ ಪರೀಕ್ಷಿಸಿ ಒಪ್ಪಿದರು. ಆದರೆ ಗುಣಿಗೆ ಹಾಕುವ ಮುಷ್ಟಿ ಬೇರೆ, ನೆಲವೆಲ್ಲ ಚೌಳಾಗುವುದು ಬೇರೆ. ಅದರ ವಿಚಾರಕ್ಕೆ ಆಮೇಲೆ ಬರೋಣ.

ತೋಟದವರು: ಅಂಥ ನೀರಿನಲ್ಲಿ ಜೀವವೆಂಬುದು ಉಂಟೆ? ಉಪ್ಪಿನಲ್ಲಿ ಹಾಕಿದ ಮಾವಿನಕಾಯಿಗೆ ಹುಳುವೂ ಹತ್ತುವುದಿಲ್ಲ.

ಮೇಷ್ಟರು: ಉಂಟು, ಬಗೆಗಳು ಕಡಮೆ, ಸಂಖ್ಯೆ ಅಪಾರ. ಎರಡು ಸರೋವರಗಳನ್ನು ನಿನ್ನ ಮುಂದಿರಿಸುತ್ತೇನೆ. ಮೊದಲನೆಯದು ಚೀನದ ಛಿಂಗ್‌ಹಾಯ್, ಮಂಗೋಲರ ನುಡಿಯಲ್ಲಿ ಕೋಕೋನೋರ್. ಸಮುದ್ರಮಟ್ಟದಿಂದ ಸುಮಾರು 3,200 ಮೀಟರ್ ಎತ್ತರದಲ್ಲಿ, ಸುತ್ತಲೂ ಕುರಿ ಮೇಯುವ ಹುಲ್ಲುಗಾವಲಿನ ನಡುವೆ, 4,000 ಚದರ ಕಿಲೋಮೀಟರಿಗೂ ಮಿಕ್ಕ ವಿಸ್ತೀರ್ಣದಲ್ಲಿ ಹರಡಿಕೊಂಡಿರುವ ಆ ಸರೋವರ ಚೀನದಲ್ಲೆಲ್ಲ ದೊಡ್ಡದು. ರಷ್ಯದ ಅನ್ವೇಷಕ ಪ್ರಜೆವಾಲ್‌ಸ್ಕಿ 1872ರಲ್ಲಿ ಅದರ ದಡವನ್ನು ತಲಪಿದ. ಅದರ ನೀರಿನಲ್ಲಿರುವ ಉಪ್ಪು ಸಮುದ್ರದ ಉಪ್ಪಿನ ಅರ್ಧಕ್ಕಿಂತ ಕಡಮೆಯಾದುದರಿಂದ ಮೀನು ಬದುಕಬಲ್ಲುದು. ಬದುಕಿರುವುದು ಮೈಮೇಲೆ ಹೆಚ್ಚುಕಡಮೆ ಶಲ್ಕಗಳೇ ಇಲ್ಲದ, ಆ ಶೀತಜಲದಲ್ಲಿ ಬಹು ನಿಧಾನವಾಗಿ ಬೆಳೆಯುವ ಒಂದು ಬಗೆಯ ಗೆಂಡೆಮೀನು. ಅದರ ಬಾಳಿನ ರೀತಿಯನ್ನು ನೋಡು: ಉಪ್ಪುನೀರಿನಲ್ಲಿ ಬೆಳೆಯುತ್ತದೆ, ಆದರೆ ಅಲ್ಲಿ ಮೊಟ್ಟೆಯಿಡಲಾರದು, ಬೇಸಗೆ ಬಂದೊಡನೆ ಪಡುವಣದಿಂದ ಬಂದು ಸೇರುವ ಬೂಹಾ ನದಿ ಮೊದಲಾದ ಹೊಳೆಗಳ ಸಿಹಿನೀರನ್ನು ಹುಡುಕಿಕೊಂಡು, ಪ್ರವಾಹಕ್ಕೆ ಎದುರಾಗಿ ಗುಂಪುಗುಂಪಾಗಿ ಈಜಿ ಏರುತ್ತದೆ. ಅದೇ ಸಮಯಕ್ಕೆ ಸರಿಯಾಗಿ ನೀರುಕಾಗೆಗಳೂ ಕಡಲಕ್ಕಿಗಳೂ ಮರಿಗಳನ್ನು ಸಾಕುತ್ತಿರುತ್ತವೆ. ಹೊಳೆಯ ಬಾಯಿಯಲ್ಲಿ ಒತ್ತೊತ್ತಾಗಿ ಬರುವ ಆ ಮೀನೇ ಅವಕ್ಕೆ ಆಹಾರ. ಹೊಳೆಗೆ ಕಟ್ಟೆ ಕಟ್ಟಿ ಹೊಲಗಳಿಗೆ ನೀರು ತಿರುಗಿಸಿದರೆ ಮೀನಿನ ಸಂತತಿ ನಿಲ್ಲುತ್ತದೆ, ಮೀನು ನಿಂತರೆ ಹಕ್ಕಿ ನಿಲ್ಲುತ್ತದೆ.

ತೋಟದವರು: ಹಾಗಿದ್ದರೆ ಸರೋವರದ ಜೀವ ಇರುವುದು ಸರೋವರದಲ್ಲಲ್ಲ, ಮೇಲಿನ ಹೊಳೆಯಲ್ಲಿ ಎಂದಾಯಿತು.

ಮೇಷ್ಟರು: ನಾನು ಹೇಳಬೇಕೆಂದಿದ್ದುದೇ ಅದು. ಹೊಳೆ ತರುವಷ್ಟನ್ನು ಬಿಸಿಲು ಒಯ್ಯುತ್ತಿದ್ದರೆ ಸರೋವರ ಇದ್ದಲ್ಲಿ ಇರುತ್ತದೆ. ಹೊಳೆ ಸಣ್ಣದಾದರೆ ದಡ ಒಳಕ್ಕೆ ಸರಿದು ಉಪ್ಪು ಗಟ್ಟಿಯಾಗುತ್ತದೆ. ಹೊಳೆ ಉಕ್ಕಿದರೆ ದಡ ಹೊರಕ್ಕೆ ಸರಿದು ಉಪ್ಪು ತೆಳುವಾಗುತ್ತದೆ. ಕೋಕೋನೋರಿನ ಮಟ್ಟ ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇಳಿಯುತ್ತಲೇ ಬಂದು, ಈ ಶತಮಾನದ ಮೊದಲ ದಶಕದಿಂದೀಚೆಗೆ ಮತ್ತೆ ಏರತೊಡಗಿದೆ. ಕೋಡಿಯುಳ್ಳ ಕೆರೆ ಒಂದೆರಡು ವರ್ಷದ ತಪ್ಪನ್ನು ತೊಳೆದುಕೊಳ್ಳಬಲ್ಲುದು. ಕೋಡಿಯಿಲ್ಲದುದು ತನ್ನ ಮೇಲೆ ನಡೆದುದೆಲ್ಲವನ್ನೂ ಇಟ್ಟುಕೊಂಡಿರುತ್ತದೆ.

ತೋಟದವರು: ಎರಡನೆಯ ಸರೋವರ?

ಮೇಷ್ಟರು: ಕಜಾಕಸ್ತಾನದ ತೆಂಗಿಜ್. ನೂರಾ ಎಂಬ ನದಿ ಬಯಲಿನಲ್ಲಿ ಬಳುಕುತ್ತ ಬಂದು, ಮೊದಲು ಕೊರ್ಗಾಲ್ಜಿನ್ ಎಂಬಲ್ಲಿ ಜೊಂಡು ಬೆಳೆದ ಸಿಹಿನೀರಿನ ಕೆರೆಗಳ ಸಾಲನ್ನು ತುಂಬಿ, ಆಮೇಲೆ ತೆಂಗಿಜನ್ನು ಸೇರಿ ಅಲ್ಲಿಗೆ ಮುಗಿಯುತ್ತದೆ. ಆ ಸಿಹಿಯಿಂದ ಈ ಉಪ್ಪಿನವರೆಗೆ ನೀರಿನ ಎಲ್ಲ ಅವಸ್ಥೆಗಳೂ ಒಂದೇ ಸೀಮೆಯಲ್ಲಿ ಇರುವುದರಿಂದ ಅಲ್ಲಿ ನೆರೆಯುವ ಹಕ್ಕಿಗಳಿಗೆ ಎಣೆಯಿಲ್ಲ. ಆ ಸರೋವರಗಳೂ ಸುತ್ತಲಿನ ಹುಲ್ಲುಗಾವಲೂ 2008ರಲ್ಲಿ ಸರ್ಯಾರ್ಕ ಎಂಬ ಹೆಸರಿನಿಂದ ವಿಶ್ವಪರಂಪರೆಯ ಪಟ್ಟಿಗೆ ಸೇರಿವೆ. ತೆಂಗಿಜ್‌ನ ಕಡು ಉಪ್ಪುನೀರಿನಲ್ಲಿ ಮೀನು ಬದುಕದು. ಆದರೆ ಮೀನಿಲ್ಲದ ನೀರು ಸಣ್ಣ ಜೀವಿಗಳಿಗೆ ನಿರ್ಭಯವಾದ ನೆಲೆ. ಬೆರಳಿನುಗುರಿನಷ್ಟು ಗಾತ್ರದ ಉಪ್ಪುಸೀಗಡಿ ಅಲ್ಲಿ ಅಸಂಖ್ಯ. ನೀರು ಬತ್ತಿದರೆ ಅದರ ಮೊಟ್ಟೆಗಳು ಧೂಳಿನ ಕಣಗಳಾಗಿ ವರ್ಷಗಟ್ಟಲೆ ಒಣಗಿ ಬಿದ್ದಿದ್ದು, ನೀರು ಸೋಂಕಿದೊಡನೆ ಒಡೆದು ಜೀವತಳೆಯುತ್ತವೆ. ಆ ಸೀಗಡಿಯನ್ನೂ, ಅದು ತಿನ್ನುವ ಪಾಚಿಯನ್ನೂ, ಕೆಸರಿನ ನೊಣಗಳ ಮರಿಹುಳುಗಳನ್ನೂ ತಲೆಕೆಳಗಾಗಿಸಿದ ಕೊಕ್ಕಿನಿಂದ ಸೋಸಿ ತಿನ್ನುವ ರಾಜಹಂಸ ಅಲ್ಲಿ ಕೆಸರಿನ ಗುಡ್ಡೆಗಳನ್ನು ಕಟ್ಟಿ ಮೊಟ್ಟೆಯಿಡುತ್ತದೆ. ಜಗತ್ತಿನಲ್ಲಿ ರಾಜಹಂಸಗಳು ಸಹಜವಾಗಿ ಗೂಡು ಕಟ್ಟುವ ಅತ್ಯಂತ ಬಡಗಣ ನೆಲೆ ತೆಂಗಿಜ್. ಅದರ ರೆಕ್ಕೆಯ ಕೆಂಪು ಕೂಡ ಪಾಚಿಯಿಂದ ಸೀಗಡಿಗೂ ಸೀಗಡಿಯಿಂದ ಹಕ್ಕಿಗೂ ದಾಟಿ ಬಂದ ವರ್ಣ.

ತೋಟದವರು: ಉಪ್ಪುನೀರು ಕುಡಿದು ಹಕ್ಕಿ ಬದುಕುವುದು ಹೇಗೆ? ದನಕ್ಕೆ ಅಂಥ ನೀರು ಕುಡಿಸಿದರೆ ನಾಲ್ಕು ದಿನದಲ್ಲಿ ಮಲಗಿಬಿಡುತ್ತದೆ.

ಮೇಷ್ಟರು: ನಮಗೂ ದನಕ್ಕೂ ಉಪ್ಪನ್ನು ಹೊರಹಾಕಲು ಮೂತ್ರಪಿಂಡವೊಂದೇ ಗತಿ, ಅದರ ಶಕ್ತಿ ಮಿತವಾದುದು. ನೀರಿನ ಹಲವು ಹಕ್ಕಿಗಳಿಗೆ ಕಣ್ಣಿನ ಮೇಲ್ಗಡೆ, ತಲೆಬುರುಡೆಗೆ ಅಂಟಿಕೊಂಡಂತೆ ಜೋಡಿ ಗ್ರಂಥಿಗಳಿವೆ. ರಕ್ತದಲ್ಲಿ ಹೆಚ್ಚಾದ ಉಪ್ಪನ್ನು ಅವು ಹೀರಿ, ಸಮುದ್ರದ ನೀರಿಗಿಂತಲೂ ಗಡುಸಾದ ದ್ರವವಾಗಿ ಮೂಗಿನ ಹೊಳ್ಳೆಗಳಿಂದ ತೊಟ್ಟಿಕ್ಕಿಸುತ್ತವೆ. ಕ್ನೂಟ್ ಶ್ಮಿಟ್‌ನೀಲ್ಸನ್ ಎಂಬ ವಿಜ್ಞಾನಿ 1957ರ ಸುಮಾರಿನಲ್ಲಿ ನೀರುಕಾಗೆಗಳನ್ನು ಪರೀಕ್ಷಿಸುತ್ತ ಈ ಗ್ರಂಥಿಯ ಕೆಲಸವನ್ನು ಕಂಡುಹಿಡಿದ. ಅಲ್ಲಿಯವರೆಗೆ ಆ ಗ್ರಂಥಿ ಇರುವುದು ತಿಳಿದಿತ್ತು, ಇರುವುದು ಏತಕ್ಕೆಂದು ತಿಳಿದಿರಲಿಲ್ಲ.

ತೋಟದವರು: ನೀರಿನ ಮಾತಾಯಿತು. ಸುತ್ತಲಿನ ಹುಲ್ಲಿನಲ್ಲಿ ಏನಿದೆ?

ಮೇಷ್ಟರು: ಹುಲ್ಲಿನಲ್ಲಿ ಸೈಗಾ ಎಂಬ ಜಿಂಕೆಯ ಜಾತಿಯ ಪ್ರಾಣಿಯಿದೆ; ಮೂಗು ಮುಂದಕ್ಕೆ ಉಬ್ಬಿ ಜೋತುಬಿದ್ದು ವಿಚಿತ್ರವಾಗಿ ಕಾಣುತ್ತದೆ. ಬೇಸಗೆಯಲ್ಲಿ ಧೂಳನ್ನು ತಡೆಯಲಿಕ್ಕೂ ಚಳಿಗಾಲದಲ್ಲಿ ಉಸಿರಿನ ಗಾಳಿಯನ್ನು ಬೆಚ್ಚಗೆ ಮಾಡಲಿಕ್ಕೂ ಆ ಮೂಗೇ ಸಾಧನ. ವೈಶಾಖದಲ್ಲಿ ಹೆಣ್ಣುಗಳೆಲ್ಲ ಒಂದೆಡೆ ಸಾವಿರಗಟ್ಟಲೆಯಾಗಿ ನೆರೆದು ಕೆಲವೇ ದಿನಗಳ ಅಂತರದಲ್ಲಿ ಮರಿ ಹಾಕುತ್ತವೆ. 2015ರ ಮೇ ತಿಂಗಳಲ್ಲಿ ಹಾಗೆ ನೆರೆದಿದ್ದಾಗಲೇ, ಮೂರು ವಾರಗಳೊಳಗೆ, ಎರಡು ಲಕ್ಷಕ್ಕೂ ಹೆಚ್ಚು ಸೈಗಾಗಳು ಸತ್ತುಬಿದ್ದವು. ಆಗ ಲೋಕದಲ್ಲಿ ಉಳಿದಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು. ತಾಯಿ ಸತ್ತ ಕೆಲವು ಗಂಟೆಗಳಲ್ಲಿ ಹಾಲು ಕುಡಿದ ಮರಿಯೂ ಸತ್ತಿತು. ಕಾರಣವನ್ನು ಹುಡುಕಲಾಗಿ ಕಂಡುಬಂದದ್ದು ಪಾಸ್ಚುರೆಲ್ಲಾ ಎಂಬ ಸೂಕ್ಷ್ಮಾಣು.

ತೋಟದವರು: ಪಶುವೈದ್ಯರು ಮುಂಗಾರಿಗೆ ಮೊದಲು ಚುಚ್ಚುಮದ್ದು ಹಾಕುವಾಗ ಆ ಹೆಸರನ್ನೇ ಹೇಳುತ್ತಾರೆ. ನಮ್ಮ ದನಗಳಿಗೆ ಬರುವ ಗಳಲೆ ರೋಗವಲ್ಲವೆ?

ಮೇಷ್ಟರು: ಅದೇ ರೋಗ. ಸೈಗಾಗಳ ಗಂಟಲಿನಲ್ಲಿ ಆ ಸೂಕ್ಷ್ಮಾಣು ಮೊದಲಿನಿಂದಲೂ ನಿರುಪದ್ರವಿಯಾಗಿ ಇದ್ದಿತು. ಆ ವರ್ಷ ಅಲ್ಲಿಗೆ ಅಸಹಜವಾದ ಸೆಕೆಯೂ ತೇವವೂ ಕೂಡಿ ಬಂದಾಗ ಮಾರಿಯಾಗಿ ಎದ್ದಿತು ಎಂದು ಸಂಶೋಧಕರು ನಿರ್ಣಯಿಸಿದ್ದಾರೆ. ಇನ್ನೊಂದು ಮಾತನ್ನೂ ಹೇಳಲೇಬೇಕು. ಕಳ್ಳಬೇಟೆಯನ್ನು ಬಿಗಿಯಾಗಿ ತಡೆದು, ವಿಶಾಲವಾದ ಹುಲ್ಲುಗಾವಲುಗಳನ್ನು ಮೀಸಲಿಟ್ಟ ಫಲವಾಗಿ, 2022ರ ಗಣತಿಯಲ್ಲಿ ಕಜಾಕಸ್ತಾನದ ಸೈಗಾಗಳ ಸಂಖ್ಯೆ ಹದಿಮೂರು ಲಕ್ಷವನ್ನು ಮುಟ್ಟಿತು. ನೆಲ ಉಳಿದಿದ್ದರೆ ಪ್ರಾಣಿ ಮರಳಿ ಬರಬಲ್ಲುದು. ನೆಲವೇ ಹೋದರೆ ಮರಳಲು ಸ್ಥಳವೆಲ್ಲಿ? ಕೋಕೋನೋರಿನ ಸುತ್ತಣ ಹುಲ್ಲಿನಲ್ಲಿ ಮಾತ್ರ ಉಳಿದುಕೊಂಡಿರುವ ಪ್ರಜೆವಾಲ್‌ಸ್ಕಿಯ ಹುಲ್ಲೆಗೆ ಕುರಿಗಾಹಿಗಳ ಮುಳ್ಳುತಂತಿಯ ಬೇಲಿಗಳೇ ದೊಡ್ಡ ಸಂಕಟವಾಗಿವೆ.

ತೋಟದವರು: ನಮ್ಮ ಕಡೆಯ ಕಾವಲುಗಳ ಅವಸ್ಥೆಯೂ ಹಾಗೆಯೇ ಆಗಿದೆ. ನಾನು ಹುಡುಗನಾಗಿದ್ದಾಗ ತೋಳದ ಕೂಗು ಕೇಳಿಸುತ್ತಿದ್ದ ಕಾವಲಿನಲ್ಲಿ ಈಗ ಅರ್ಧ ತೋಟ, ಅರ್ಧ ನೀಲಗಿರಿ.

ಮೇಷ್ಟರು: ಮೈಸೂರಿನ ಅರಸರು ಅಮೃತಮಹಲ್ ದನಗಳ ಮೇವಿಗೆಂದು ಬಿಟ್ಟಿದ್ದ ಕಾವಲುಗಳು ನಮ್ಮ ಪಾಲಿನ ಸ್ಟೆಪ್ಪಿ. ಕೊನೇಹಳ್ಳಿಯಲ್ಲಿ ಆ ತಳಿಯನ್ನು ಇಂದಿಗೂ ಸಾಕುತ್ತಿರುವುದನ್ನು ನೀನು ಕಂಡಿರುವೆ. ಮರವಿಲ್ಲದ ನೆಲವನ್ನು ಪಾಳು ಎಂದು ದಾಖಲೆಯಲ್ಲಿ ಬರೆದುಬಿಟ್ಟದ್ದರಿಂದ ಆ ಹುಲ್ಲಿಗೆ ಆದ ಹಾನಿ ಬರಗಾಲದಿಂದಲೂ ಆದದ್ದಲ್ಲ. ಕಾರ್ತಿಕ ಕಳೆದ ಮೇಲೆ ಉಳಿದಿರುವ ಕಾವಲಿಗೆ ಹೋಗಿ ನಿಂತರೆ, ಹುಲ್ಲಿನ ತುದಿಗೆ ಮಾರುದ್ದ ಮೇಲೆ, ರೆಕ್ಕೆಗಳನ್ನು ಮೇಲಕ್ಕೆತ್ತಿ ಅತ್ತಿತ್ತ ವಾಲುತ್ತ ತೇಲುವ ಬೂದುಬಣ್ಣದ ಬೇಟೆಹಕ್ಕಿಯೊಂದು ಕಾಣುತ್ತದೆ; ಸೆಳೆವ ಎನ್ನುತ್ತಾರೆ. ಅದು ಕೂಡ ಕಜಾಕಸ್ತಾನದ ಹುಲ್ಲುಗಾವಲಿನದು. ಬೆಂಗಳೂರಿನ ಏಟ್ರೀ ಸಂಸ್ಥೆಯವರು ಕೆಲವು ಸೆಳೆವಗಳ ಬೆನ್ನಿಗೆ ಉಪಗ್ರಹಕ್ಕೆ ಸುಳಿವು ಕಳುಹುವ ಸಣ್ಣ ಯಂತ್ರವನ್ನು ಕಟ್ಟಿ ಅವುಗಳ ದಾರಿಯನ್ನು ಅಲ್ಲಿಯವರೆಗೂ ಹಿಂಬಾಲಿಸಿದ್ದಾರೆ. ಅಲ್ಲಿ ಅದು ಮರಿಮಾಡುವುದು ನೆಲದ ಮೇಲೆ, ಹುಲ್ಲಿನ ನಡುವೆ. ಇಲ್ಲಿ ಅದು ರಾತ್ರಿ ತಂಗುವುದೂ ನೆಲದ ಮೇಲೆ, ಹುಲ್ಲಿನ ನಡುವೆ. ಇಡೀ ಆಯುಷ್ಯದಲ್ಲಿ ಮರದ ಹಂಗನ್ನೇ ಬಯಸದ ಆ ಹಕ್ಕಿಗೆ ನಾವು ಕಾವಲುಗಳಲ್ಲಿ ಮರ ನೆಟ್ಟು ಉಪಕಾರ ಮಾಡಿದೆವೆಂದುಕೊಳ್ಳುತ್ತೇವೆ. ಚಿಕ್ಕನಾಯಕನಹಳ್ಳಿಯಾಚೆ ಬುಕ್ಕಾಪಟ್ಟಣದ ಕುರುಚಲು ಗುಡ್ಡಗಳಲ್ಲಿ ಚಿಂಕಾರ ಉಳಿದಿದೆ ಎಂಬುದು ಖಚಿತವಾಗಿ, 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಜಯಮಂಗಲಿಯ ಕೃಷ್ಣಮೃಗಗಳ ಮೀಸಲಿನ ಜೊತೆಗೆ ನಮ್ಮ ಜಿಲ್ಲೆಯಲ್ಲಿ ಒಣನೆಲದ ಪ್ರಾಣಿಗಳಿಗೆಂದು ಅಷ್ಟಾದರೂ ಉಳಿದಿರುವುದು ನನಗೆ ದೊಡ್ಡ ಸಮಾಧಾನ.

ತೋಟದವರು: ನಾನು ಕೇಳಿದ ಹೆಬ್ಬಾತಿನ ಕಥೆ ಇನ್ನೂ ಬರಲಿಲ್ಲ.

ಮೇಷ್ಟರು: ಅದರ ಊರನ್ನು ತೋರಿಸದೆ ಅದರ ಪ್ರಯಾಣವನ್ನು ಹೇಳಲಾಗುತ್ತಿರಲಿಲ್ಲ. ಕೋಕೋನೋರಿನಲ್ಲಿಯೂ ಟಿಬೆಟ್ಟಿನ ಸರೋವರಗಳಲ್ಲಿಯೂ ಮಂಗೋಲಿಯಾದ ಕೆರೆಗಳಲ್ಲಿಯೂ ಪಟ್ಟೆತಲೆಯ ಹೆಬ್ಬಾತು ದ್ವೀಪಗಳ ಮೇಲೆ ಒಂದಕ್ಕೊಂದು ಹತ್ತಿರವಾಗಿ ಗೂಡು ಮಾಡುತ್ತದೆ. ಅದರ ಮುಖ್ಯವಾದ ಆಹಾರ ಹುಲ್ಲು. ಶರತ್ಕಾಲ ಮುಗಿದು ನೀರು ಹೆಪ್ಪುಗಟ್ಟುವ ಸೂಚನೆ ಕಂಡೊಡನೆ ದಕ್ಷಿಣಕ್ಕೆ ಹೊರಡುತ್ತದೆ. 2009ರ ಆಸುಪಾಸಿನಲ್ಲಿ ಭಾರತದಲ್ಲಿಯೂ ಮಂಗೋಲಿಯಾದಲ್ಲಿಯೂ ಹಲವು ಹೆಬ್ಬಾತುಗಳಿಗೆ ಯಂತ್ರ ಕಟ್ಟಿ ನೋಡಿದವರಿಗೆ ತಿಳಿದದ್ದು ಇಷ್ಟು: ಹಗಲಿನಲ್ಲಿ ಪರ್ವತದ ಇಳಿಜಾರಿನಗುಂಟ ಮೇಲಕ್ಕೆ ಬೀಸುವ ಗಾಳಿಯ ನೆರವನ್ನು ಕಾಯದೆ, ಗಾಳಿ ಶಾಂತವಾಗಿರುವ ರಾತ್ರಿಯಲ್ಲಿಯೋ ಮುಂಜಾವದಲ್ಲಿಯೋ, ತಮ್ಮ ರೆಕ್ಕೆಯ ಬಲವೊಂದರಿಂದಲೇ ಕೆಲವೇ ಗಂಟೆಗಳಲ್ಲಿ ಅವು ಹಿಮಾಲಯವನ್ನು ಏರುತ್ತವೆ. ಬಹುಪಾಲು ಹಕ್ಕಿಗಳು ಶಿಖರಗಳ ಮೇಲೆ ಹಾರದೆ ಕಣಿವೆಗಳನ್ನೂ ಕಣಿವೆದಾರಿಗಳನ್ನೂ ಹಿಡಿದು ಹೋಗುತ್ತವೆ. ಆದರೂ ಒಂದು ಹಕ್ಕಿ 7,290 ಮೀಟರ್ ಎತ್ತರವನ್ನು ಮುಟ್ಟಿದ್ದು ದಾಖಲಾಗಿದೆ. ಅಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ತಿಪಟೂರಿನಲ್ಲಿ ಸಿಗುವುದರ ಅರ್ಧಕ್ಕಿಂತ ಕಡಮೆ. ಅದರ ರಕ್ತದ ಕೆಂಪುದ್ರವ್ಯದಲ್ಲಿ ಒಂದು ಅಣುವಿನ ಸಣ್ಣ ಬದಲಾವಣೆಯಿರುವುದರಿಂದ ಆ ತೆಳುವಾದ ಗಾಳಿಯಲ್ಲಿಯೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳಬಲ್ಲುದು. ಶ್ವಾಸಕೋಶವೂ ಅದೇ ಗಾತ್ರದ ಬೇರೆ ಬಾತುಗಳದಕ್ಕಿಂತ ದೊಡ್ಡದು.

ತೋಟದವರು: ಮೇಘದೂತವನ್ನು ತಾವು ಓದಿ ಹೇಳುತ್ತಿದ್ದಾಗ ಮಾನಸಕ್ಕೆ ಹಾರುವ ಹಂಸಗಳ ಮಾತು ಬಂದಿತ್ತು.

ಮೇಷ್ಟರು: ಕ್ರೌಂಚಪರ್ವತದ ರಂಧ್ರವೇ ಹಂಸಗಳ ದ್ವಾರವೆಂದು ಕಾಳಿದಾಸ ಭಾವಿಸಿದ್ದಾನೆ. ಆ ಹಂಸ ಈ ಹೆಬ್ಬಾತೇ ಎಂದು ಊಹಿಸುವ ವಿದ್ವಾಂಸರಿದ್ದಾರೆ. ಮಳೆಗಾಲದ ಮೊದಲ ಮೋಡದೊಡನೆ ಹಂಸಗಳನ್ನು ಹೊರಡಿಸುವ ಕವಿಯ ಕಾಲಗಣನೆಗೂ, ಚೈತ್ರದ ಆಸುಪಾಸಿನಲ್ಲಿಯೇ ನಮ್ಮ ಕೆರೆಯನ್ನು ಬಿಟ್ಟೇಳುವ ಹೆಬ್ಬಾತಿನ ಪಂಚಾಂಗಕ್ಕೂ ಹೊಂದಿಕೆಯಾಗುವುದಿಲ್ಲ. ಆದರೆ ಪರ್ವತದ ಮಾರ್ಗವನ್ನು ಅರಿತ ಹಕ್ಕಿ ಉಂಟೆಂಬುದನ್ನು ಯಾವ ಯಂತ್ರವೂ ಇಲ್ಲದ ಕಾಲದಲ್ಲಿ ಈ ದೇಶದವರು ಕಂಡುಕೊಂಡಿದ್ದರೆಂಬುದು ಸಣ್ಣ ಮಾತಲ್ಲ. ಚಕ್ರವಾಕವೂ ಆ ಸೀಮೆಯದೇ. ಕಾವ್ಯಗಳಲ್ಲಿ ರಾತ್ರಿಯೆಲ್ಲ ಅಗಲಿ ಕೊರಗುವ ಆ ಕಿತ್ತಳೆ ಬಣ್ಣದ ದಂಪತಿಗಳು ಉಪ್ಪುಸರೋವರಗಳ ಸುತ್ತಣ ದಿಬ್ಬಗಳ ಬಿಲಗಳಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ನಮ್ಮ ದೇಶಕ್ಕೆ ಇಳಿಯುತ್ತವೆ.

ತೋಟದವರು: ನಮ್ಮೂರಿಗೆ ಬಂದ ಹಕ್ಕಿ ಆ ದೂರದ್ದೇ ಎಂದು ಹೇಳಲು ಸಾಕ್ಷ್ಯವುಂಟೆ? ಸಭೆಯಲ್ಲಿ ಕೇಳಿಯೇ ಕೇಳುತ್ತಾರೆ.

ಮೇಷ್ಟರು: ಮಂಗೋಲಿಯಾದಲ್ಲಿ ಕೊರಳಿಗೆ ಅಂಕೆಯ ಪಟ್ಟಿ ತೊಡಿಸಿದ ಹೆಬ್ಬಾತುಗಳನ್ನು ಮೈಸೂರು ಸೀಮೆಯ ಕೆರೆಗಳಲ್ಲಿ ಹಕ್ಕಿ ನೋಡುವವರು ಗುರುತಿಸಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ವರ್ಷವರ್ಷವೂ ಸಾವಿರಗಟ್ಟಲೆ ಹೆಬ್ಬಾತುಗಳು ಬರುತ್ತವೆ. ಹಗಲೆಲ್ಲ ಕೆರೆಯಲ್ಲಿ ವಿಶ್ರಮಿಸಿ, ಕತ್ತಲಾದ ಮೇಲೆ ಸುತ್ತಣ ಹೊಲಗಳಿಗೆ ಮೇಯಲು ಹೋಗಿ, ಬೆಳಕು ಹರಿಯುವಾಗ ಮರಳುತ್ತವೆ. ಆ ಕೆರೆ 2024ರಲ್ಲಿ ಜಗತ್ತಿನ ಮುಖ್ಯ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮಳೆನೀರನ್ನು ಹಿಡಿದಿಡಲು ರೈತರು ಕಟ್ಟಿಕೊಂಡ ಸಾಮಾನ್ಯ ಕೆರೆಯದು, ನಮ್ಮದರಂತೆಯೇ.

ತೋಟದವರು: ಹೊಲ ಮೇಯುತ್ತವೆಂದರೆ ಬೆಳೆಗೆ ನಷ್ಟವಲ್ಲವೆ? ಹುರುಳಿ, ಕಡಲೆ ಹಾಕಿದವರು ಅದನ್ನೇ ಎತ್ತಿಹಿಡಿಯುತ್ತಾರೆ.

ಮೇಷ್ಟರು: ನಷ್ಟ ಆಗುವುದುಂಟು, ಅದನ್ನು ಮುಚ್ಚಿಡಬಾರದು. ಹಾನಿಯಾದವನಿಗೆ ಊರು ಪರಿಹಾರ ಕೊಡಲಿ, ಸರ್ಕಾರ ಕೊಡಲಿ. ಆದರೆ ಕೆರೆಯಂಗಳವನ್ನು ಅಗೆದು ಹಕ್ಕಿಯನ್ನು ಓಡಿಸುವುದು ಅದಕ್ಕೆ ಉತ್ತರವಲ್ಲ. ನಮ್ಮ ಕೆರೆಯಲ್ಲಿ ತಂಗುವ ಜಾಗ ಹೋದರೆ ಹಾನಿ ಇಲ್ಲಿ ಮಾತ್ರ ಆಗುವುದಿಲ್ಲ. 2005ರ ಮೇ ತಿಂಗಳಲ್ಲಿ ಹಕ್ಕಿಜ್ವರ ಬಂದು ಕೋಕೋನೋರಿನಲ್ಲಿ ಆರು ಸಾವಿರಕ್ಕೂ ಮಿಕ್ಕಿ ಹಕ್ಕಿಗಳು ಸತ್ತವು; ಅವುಗಳಲ್ಲಿ ಸುಮಾರು ಅರ್ಧ ಈ ಹೆಬ್ಬಾತುಗಳೇ. ಅಂಥ ಆಘಾತಗಳನ್ನು ತಾಳಿಕೊಂಡ ಸಂತತಿಗೆ ಚಳಿಗಾಲದ ನಾಲ್ಕು ತಿಂಗಳು ನಿಶ್ಚಿಂತೆಯಾಗಿ ಕಾಲೂರಲು ತೆಳುನೀರು ಬೇಕು. ಹೆಬ್ಬಾತು ಮುಳುಗಿ ಉಣ್ಣುವ ಹಕ್ಕಿಯಲ್ಲ. ಆಳವಾದ ನೀರಿನಲ್ಲಿ ಅದಕ್ಕೆ ಪ್ರಯೋಜನವಿಲ್ಲ. ಇಳಿಜಾರಾದ ತೆರಪಾದ ದಡದಲ್ಲಿ, ನಾಲ್ಕು ದಿಕ್ಕೂ ಕಾಣುವಂತೆ ನಿಂತಿರಬೇಕು. ಗೊರವಗಳಿಗೂ ಮೆಟ್ಟುಗಾಲು ಹಕ್ಕಿಗೂ ಕೊಕ್ಕಿನಿಂದ ಕೆದಕಲು ಕೆಸರು ಬೇಕು. ಕೆರೆಯನ್ನು ಬಾವಿಯಂತೆ ಕಡಿದಾಗಿ ಕೊರೆದಿಟ್ಟರೆ ನೀರು ನಿಂತೀತು, ಕೆರೆ ನಿಲ್ಲದು.

ತೋಟದವರು: ಚೌಳಿನ ಮಾತನ್ನು ಆಮೇಲೆ ಎಂದಿದ್ದಿರಿ.

ಮೇಷ್ಟರು: ಮರೆತಿಲ್ಲ. ಮಧ್ಯ ಏಷ್ಯದಲ್ಲಿ ಅರಾಲ್ ಎಂಬ ಉಪ್ಪುಸರೋವರವಿತ್ತು. 1960ರಲ್ಲಿ ಅದರ ವಿಸ್ತೀರ್ಣ ಸುಮಾರು 68,000 ಚದರ ಕಿಲೋಮೀಟರ್. ಅದನ್ನು ತುಂಬುತ್ತಿದ್ದ ಅಮು, ಸಿರ್ ಎಂಬ ಎರಡು ನದಿಗಳನ್ನೂ ಹತ್ತಿಯ ಹೊಲಗಳಿಗೆ ತಿರುಗಿಸಲಾಗಿ, ಐವತ್ತು ವರ್ಷಗಳೊಳಗೆ ಅದು ಹತ್ತರಲ್ಲೊಂದು ಪಾಲಿಗೆ ಕುಗ್ಗಿತು. ತಳದಲ್ಲಿದ್ದ ಉಪ್ಪು ಗಾಳಿಗೆ ಎದ್ದು, ಯಾವ ಹೊಲಗಳಿಗಾಗಿ ನೀರನ್ನು ಒಯ್ದರೋ ಆ ಹೊಲಗಳ ಮೇಲೆಯೇ ಸುರಿಯಿತು. 2005ರಲ್ಲಿ ಬಡಗಣ ಭಾಗಕ್ಕೆ ಕೊಕ್‌ಅರಾಲ್ ಎಂಬಲ್ಲಿ ಕಟ್ಟೆ ಹಾಕಿದ ಮೇಲೆ ಅಷ್ಟು ಭಾಗದಲ್ಲಿ ನೀರು ಏರಿ ಮೀನು ಮರಳಿತು, ಉಳಿದದ್ದು ಮರಳಲಿಲ್ಲ. ಇನ್ನು ನಮ್ಮದನ್ನು ನೋಡು. ಸಾವಿರ ಅಡಿಯ ಕೊಳವೆಬಾವಿಯಿಂದ, ಕಲ್ಲಿನ ಸಂದಿಗಳಲ್ಲಿ ಬಹುಕಾಲ ನಿಂತು ಲವಣಗಳನ್ನೂ ಫ್ಲೋರೈಡನ್ನೂ ಹೀರಿಕೊಂಡ ನೀರನ್ನು ಮೇಲೆತ್ತಿ, ವರ್ಷವಿಡೀ ತೆಂಗಿನ ಬುಡಕ್ಕೆ ಬಿಡುತ್ತೇವೆ. ಮರ ನೀರನ್ನು ಕುಡಿಯುತ್ತದೆ, ಬಿಸಿಲು ನೀರನ್ನು ಒಯ್ಯುತ್ತದೆ. ಲವಣ ಎಲ್ಲಿ ಉಳಿಯಿತು?

ತೋಟದವರು: ತಗ್ಗಿನ ತೋಟದಲ್ಲಿ ಬೇಸಗೆ ಬಂತೆಂದರೆ ನೆಲ ಬೆಳ್ಳಗಾಗುತ್ತದೆ. ಹಿಂದೆ ಅಗಸರು ಅಂಥ ಮಣ್ಣನ್ನೇ ಹುಡುಕಿ ಬಂದು ಬಟ್ಟೆಯ ಉಬ್ಬೆಗೆ ಒಯ್ಯುತ್ತಿದ್ದರು.

ಮೇಷ್ಟರು: ಜೋರಾದ ಮಳೆ ಬಂದು ನೆಲವನ್ನು ತೊಳೆದು, ಹಳ್ಳ ಹರಿದು, ಕೆರೆ ತುಂಬಿ, ಕೋಡಿ ಬಿದ್ದರೆ ಆ ಚೌಳು ಹೊರಟುಹೋಗುತ್ತದೆ. ವರ್ಷಗಟ್ಟಲೆ ಕೋಡಿ ಬೀಳದಿದ್ದರೆ ನಮ್ಮ ಸೀಮೆಯೂ ನಿರ್ಗಮನವಿಲ್ಲದ ಸೀಮೆಯೇ ಆಗುತ್ತದೆ. ಆದರೆ ಉಪ್ಪುಸೀಗಡಿಯಾಗಲಿ ರಾಜಹಂಸವಾಗಲಿ ಇಲ್ಲಿಗೆ ಬಂದು ನೆಲೆಸಲಾರದು, ಏಕೆಂದರೆ ಆ ಸರೋವರಗಳು ಸಹಸ್ರ ವರ್ಷಗಳಲ್ಲಿ ಮೆಲ್ಲಮೆಲ್ಲನೆ ಹೊಂದಿಸಿಕೊಂಡ ಸಮತೋಲ ನಮ್ಮ ತೋಟಗಳಿಗೆ ಇಲ್ಲ. ಹೇಮಾವತಿಯ ನಾಲೆಯ ನೀರು ಕೆರೆಗೆ ಬರುತ್ತಿರುವುದು ಭಾಗ್ಯವೇ ಸರಿ. ಆದರೂ ನಾಲೆಯ ನೀರಿನಿಂದ ಅರ್ಧ ತುಂಬಿ ನಿಂತ ಕೆರೆಗೂ, ಸ್ವಂತ ಹಳ್ಳದ ನೀರಿನಿಂದ ತುಂಬಿ ಕೋಡಿ ಹರಿದ ಕೆರೆಗೂ ಅಂತರವುಂಟು.

ತೋಟದವರು: ನಮ್ಮ ಹಳ್ಳವನ್ನು ಮೇಲಿನಿಂದ ಕೆಳಗಿನವರೆಗೆ ಒತ್ತಿದ್ದಾರೆ, ಮೇಷ್ಟರೇ. ಗಾಡಿ ಹೋಗುವಷ್ಟು ಅಗಲವಿದ್ದದ್ದು ಈಗ ಕಾಲುದಾರಿಯಾಗಿದೆ. ಕೋಡಿಯ ಕೆಳಗಿನ ಕಾಲುವೆಯಲ್ಲಿಯೂ ಸಸಿ ನೆಟ್ಟವರಿದ್ದಾರೆ. ಕೆರೆ ತುಂಬಿದರೆ ಮರ ಮುಳುಗೀತೆಂದು ಅವರಿಗೆ ಕೋಡಿ ಬೀಳುವುದೇ ಬೇಡ.

ಮೇಷ್ಟರು: ಅಲ್ಲಿಂದಲೇ ಮಾತು ಮೊದಲಾಗಬೇಕು. ಹಳ್ಳ ಬಿಡಿಸದೆ ಎಷ್ಟು ಆಳ ತೋಡಿದರೂ ಅದಕ್ಕೆ ತುಂಬಲು ನೀರೆಲ್ಲಿ? ಹೂಳನ್ನು ಏರಿಯ ಕಡೆಯಿಂದ, ತೂಬಿನ ಮುಂದಿನಿಂದ ತೆಗೆಯಲಿ. ಗೋಡುಮಣ್ಣನ್ನು ತೋಟಕ್ಕೆ ಹೊಡೆಯುವ ಮುನ್ನ ಒಂದು ಹಿಡಿಯನ್ನು ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಲವಣದ ಅಂಶವನ್ನು ಪರೀಕ್ಷೆ ಮಾಡಿಸಿ. ಪಡುವಣ ಕೆಸರುಬಯಲನ್ನು ಹಾಗೆಯೇ ಬಿಟ್ಟು, ಅಲ್ಲಿಂದ ಆಳದವರೆಗೆ ನೆಲ ಸಾವಕಾಶವಾಗಿ ಇಳಿಯುವಂತೆ ಮಾಡಿ. ಬೇಸಗೆಯಲ್ಲಿ ದನ ಇಳಿದು ನೀರು ಕುಡಿಯಲಿಕ್ಕೂ ಅದೇ ಅನುಕೂಲ.

ತೋಟದವರು: ದನದ ಮಾತು ಹೇಳಿದರೆ ಒಪ್ಪುವವರು ಹೆಚ್ಚು. ಹೋದ ವರ್ಷ ಪಕ್ಕದ ಊರಿನಲ್ಲಿ ಹಾಗೆ ಕಡಿದಾಗಿ ತೋಡಿದ ಗುಂಡಿಯಲ್ಲಿ ಎರಡು ಎಮ್ಮೆ ಹೂತುಹೋದವು. ಸೋಮವಾರದ ಸಭೆಗೆ ತಾವೂ ಬರಬೇಕು. ಒತ್ತುವರಿಯ ಮಾತನ್ನು ನಾನು ಎತ್ತುತ್ತೇನೆ, ನನ್ನ ತೋಟದ ಬೇಲಿಯೂ ಹಳ್ಳದೊಳಕ್ಕೆ ಎರಡು ಮಾರು ಸರಿದಿರುವುದರಿಂದ ಮೊದಲು ಅದನ್ನು ಕೀಳಿಸಿಯೇ ಬರುತ್ತೇನೆ. ಹಕ್ಕಿಯ ಮಾತನ್ನು ತಾವು ಹೇಳಿ.

ಮೇಷ್ಟರು: ಬರುತ್ತೇನೆ. ಶಾಲೆಯಲ್ಲಿ ಏಷ್ಯಖಂಡದ ದೊಡ್ಡ ಭೂಪಟ ಇನ್ನೂ ಇದ್ದರೆ ಅದನ್ನು ತರಿಸಿಡು. ಕೋಕೋನೋರಿನಿಂದ ನಮ್ಮ ಕೆರೆಯವರೆಗೆ ಒಂದು ಗೆರೆಯೆಳೆದು ತೋರಿಸಬೇಕು.